ಅಡುಗೆಮನೆಯ ಬಾಗಿಲಲ್ಲಿ ಒಂದು ಮೈಕ್

ಕಳೆದ ಜೂನ್ ತಿಂಗಳ ಒಂದು ಸಂಜೆ, ನ್ಯಾಯಾಲಯದಿಂದ ಹಿಂದಿರುಗಿ ಕೋಟು ಕಳಚುತ್ತಿದ್ದ ಹೊತ್ತಿಗೆ, ಅಗಲಿದ ಗೆಳೆಯನ ಹೆಂಡತಿ ನಮ್ಮ ಮನೆಗೆ ಬಂದರು. ಎರಡು ವರ್ಷಗಳಿಂದ ನಮ್ಮ ಮಹಡಿಯ ಕೋಣೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದು ಕುಳಿತಿದ್ದ ಗಿಟಾರ್ ಆಂಪ್ಲಿಫಯರನ್ನು ಮಾರುವುದೆಂದು ಅವರು ನಿಶ್ಚಯಿಸಿದ್ದರು. ಮಗ ಪ್ಲಸ್ ಟು ಮುಗಿಸಿ ಇಂಜಿನಿಯರಿಂಗ್ ಸೀಟಿಗಾಗಿ ಕಾಯುತ್ತಿದ್ದ. ಕೊಚ್ಚಿಯ ಒಬ್ಬ ಸ್ಟುಡಿಯೋದವರು ಒಳ್ಳೆಯ ಬೆಲೆ ಹೇಳಿದ್ದರು.

"ಕಾಗದಪತ್ರ ನೀವೇ ಮಾಡಿಕೊಡಬೇಕು ಅಣ್ಣ" ಎಂದರು. ಚಹಾ ಕುಡಿದು ಏಳುವಾಗ ಇನ್ನೊಂದು ಮಾತು ಸೇರಿಸಿದರು: "ಕೊಡುವ ಮೊದಲು ಅದರ ಸ್ವರವನ್ನು ಕಂಪ್ಯೂಟರಿನಲ್ಲಿ ತೆಗೆದಿಡುವ ಕ್ರಮ ಉಂಟಂತೆ, ಮಗ ಹೇಳುತ್ತಾನೆ. ಆಗುವುದಾದರೆ ಅದೊಂದು ಮಾಡಿಕೊಡಿ."

ಆಗುವುದೆಂದು ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಎಷ್ಟು ದೊಡ್ಡ ಕೆಲಸವೆಂಬುದು ಆಗ ನನಗೆ ತಿಳಿದಿರಲಿಲ್ಲ.

ನಾನೂ ಗೆಳೆಯನೂ ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದ ದಿನಗಳಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆವು. ನುಡಿಸುತ್ತಿದ್ದವನು ಅವನು, ನಾನು ಹಿಂದೆ ನಿಂತು ಮೂರು ಕಾರ್ಡುಗಳನ್ನು ತಪ್ಪದೆ ಹಿಡಿಯುತ್ತಿದ್ದೆ ಎಂದರೆ ಸರಿಯಾದೀತು. ಅವನು ವಕೀಲಿಕೆ ಹಿಡಿಯಲಿಲ್ಲ. ದುಬೈಗೆ ಹೋದ; ಅಲ್ಲಿ ತನ್ನ ಮೊದಲ ದೊಡ್ಡ ಉಳಿತಾಯದಲ್ಲಿ ಫೆಂಡರ್ ಕಂಪೆನಿಯ ಬ್ಲೂಸ್ ಜೂನಿಯರ್ ಎಂಬ ಹದಿನೈದು ವಾಟಿನ ವಾಲ್ವ್ ಆಂಪ್ಲಿಫಯರ್ ಕೊಂಡ. ಊರಿಗೆ ಮರಳುವಾಗ ಹದಿನಾಲ್ಕು ಕಿಲೋ ತೂಕದ ಆ ಪೆಟ್ಟಿಗೆಯನ್ನು ಹೊತ್ತು ತಂದ. ಹಬ್ಬ, ಮದುವೆ, ಇಗರ್ಜಿಯ ವಾರ್ಷಿಕೋತ್ಸವ ಎಂದು ಕುಂಬಳೆಯಿಂದ ಕಾಞಂಗಾಡಿನವರೆಗೆ ಅದು ತಿರುಗಿದೆ. ಎರಡು ವರ್ಷದ ಹಿಂದೆ ಅವನ ಹೃದಯ ನಿಂತಿತು.

ವಾಲ್ವ್ ಎಂದರೆ ಏನೆಂದು ಇಂದಿನ ಮಕ್ಕಳಿಗೆ ಹೇಳಬೇಕಾದೀತು. ಅಜ್ಜ ಅಜ್ಜಿಯರಿಗೆ ಬೇಡ. ಹಳೆಯ ರೇಡಿಯೋದ ಗುಂಡಿ ತಿರುಗಿಸಿ, ಒಳಗಿನ ಗಾಜಿನ ಬುರುಡೆಗಳು ಕೆಂಪಾಗಿ ಸ್ವರ ಹೊರಡುವವರೆಗೆ ಕಾದು ಕುಳಿತವರು ಅವರು. ಗಾಳಿ ತೆಗೆದ ಆ ಗಾಜಿನ ಕೊಳವೆಯೊಳಗೆ ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ನಡುವಿನ ಜಾಲರಿ ಅವುಗಳನ್ನು ತಡೆದು ಬಿಟ್ಟು ಮಾಡುತ್ತ ಸಣ್ಣ ಸಂಕೇತವನ್ನು ದೊಡ್ಡದು ಮಾಡುತ್ತದೆ. ಗೆಳೆಯನ ಪೆಟ್ಟಿಗೆಯಲ್ಲಿ ಇಂಥವು ಐದು: ಮೊದಲ ಹಂತದಲ್ಲಿ 12ಎಎಕ್ಸ್7 ಎಂಬ ಮೂರು, ಕೊನೆಯಲ್ಲಿ ಇಎಲ್84 ಎಂಬ ಎರಡು. ಯುರೋಪಿನ ಎಷ್ಟೋ ಹಳೆಯ ರೇಡಿಯೋಗಳಲ್ಲಿ ಸ್ಪೀಕರನ್ನು ನುಡಿಸುತ್ತಿದ್ದದ್ದೂ ಇದೇ ಇಎಲ್84. ರೇಡಿಯೋ ಮಾಡಿದವರು ಸ್ವರ ಒಡೆಯಬಾರದೆಂದು ಶ್ರಮಿಸಿದರು. ಗಿಟಾರಿನವರು ಅದೇ ವಾಲ್ವನ್ನು ಅಂಚಿಗೆ ತಳ್ಳಿ, ಸ್ವರ ಇನ್ನೇನು ಒಡೆಯುವುದೋ ಎಂಬ ಆ ಗಡಿಯನ್ನೇ ಸಂಗೀತವಾಗಿಸಿಕೊಂಡರು.

ಈ ಗಡಿಯನ್ನು ಲೆಕ್ಕದಲ್ಲಿ ಹಿಡಿಯುವುದೇ ಪ್ರೊಫೈಲ್. ಜರ್ಮನಿಯ ಕ್ರಿಸ್ಟೋಫ್ ಕೆಂಪರ್ 2011ರಲ್ಲಿ ಇದಕ್ಕೊಂದು ಯಂತ್ರವನ್ನೇ ಹೊರತಂದರು. ನಾವು ಬಳಸಿದ್ದು ಸ್ಟೀವನ್ ಅಟ್ಕಿನ್‌ಸನ್ ಎಂಬವರು ರೂಪಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟಿರುವ 'ನ್ಯೂರಲ್ ಆಂಪ್ ಮಾಡೆಲರ್' ಎಂಬ ತಂತ್ರಾಂಶ. ಪ್ರೊಫೈಲ್ ಎಂದರೆ ಧ್ವನಿಮುದ್ರಣವಲ್ಲ. ಮುದ್ರಣದಲ್ಲಿ ಹಾಡು ಉಳಿಯುತ್ತದೆ. ಪ್ರೊಫೈಲಿನಲ್ಲಿ ಯಾವ ಹಾಡೂ ಇರುವುದಿಲ್ಲ. ಒಳಗೆ ಇಂಥ ಸಂಕೇತ ಹೋದರೆ ಹೊರಗೆ ಎಂಥದ್ದು ಬರುತ್ತದೆ ಎಂಬ ಸಂಬಂಧ ಮಾತ್ರ ಅದರಲ್ಲಿರುತ್ತದೆ. ಮೂರು ನಿಮಿಷ ಚಿಲ್ಲರೆಯ ಒಂದು ಪರೀಕ್ಷಾ ಸಂಕೇತವನ್ನು ಕಂಪ್ಯೂಟರಿನಿಂದ ಆಂಪ್ಲಿಫಯರಿಗೆ ಕಳುಹಿಸಬೇಕು; ಸ್ಪೀಕರಿನಿಂದ ಬಂದದ್ದನ್ನು ಮೈಕಿನಲ್ಲಿ ಹಿಡಿಯಬೇಕು; ಹೋದದ್ದನ್ನೂ ಬಂದದ್ದನ್ನೂ ಪಕ್ಕಪಕ್ಕ ಇರಿಸಿ ನರಜಾಲ ಮಾದರಿಗೆ ಕಲಿಸಬೇಕು. ಆ ಸಂಕೇತವೋ, ಊಳು, ಸೀಟಿ, ಟಕಟಕ, ನಡುನಡುವೆ ಹರಿದ ಗಿಟಾರು. ಮಿಕ್ಸಿಗೂ ಕಪ್ಪೆಗೂ ಜಗಳ ಹತ್ತಿದಂತಿದೆ ಎಂದು ನನ್ನ ತಾಯಿ ಹೇಳಿದರು.

ಕೆಲಸಕ್ಕೆ ನನಗೆ ಜೊತೆಯಾದವರು ಇಬ್ಬರು: ಗೆಳೆಯನ ಮಗ, ಹಾಗೂ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿರುವ ನನ್ನ ಮಗಳು. ಅವಳಿಗೆ ಗಿಟಾರಿನಲ್ಲಿ ಆಸಕ್ತಿಯಿಲ್ಲ, ದಾಖಲೆ ಬರೆಯುವುದರಲ್ಲಿ ಇದೆ. ಇನ್ನೂರು ಪುಟದ ಪುಸ್ತಕವೊಂದರಲ್ಲಿ ಪ್ರತಿ ಸಲದ ದಿನಾಂಕ, ಮೈಕು, ದೂರ, ಗುಂಡಿಗಳ ಅಂಕಿ, ಹೊರಗಿನ ಸದ್ದು ಎಲ್ಲವನ್ನೂ ಬರೆದಳು. ನನ್ನ ಕಿರಿಯ ವಕೀಲರ ಕಡತಗಳು ಅಷ್ಟು ಅಚ್ಚುಕಟ್ಟಾಗಿದ್ದರೆ ನನ್ನ ಆಯುಷ್ಯ ಹೆಚ್ಚುತ್ತಿತ್ತು.

ಮೂರು ಮೈಕ್‌ಗಳು ಸಿಕ್ಕಿದವು. ಮೊದಲನೆಯದು ಗೆಳೆಯನದೇ, ಶೂರ್ ಕಂಪೆನಿಯ ಎಸ್‌ಎಂ57. 1965ರಿಂದ ಬರುತ್ತಿರುವ ಈ ಮೈಕ್ ಅಮೆರಿಕದ ಅಧ್ಯಕ್ಷರ ಭಾಷಣದ ಮೇಜಿನಲ್ಲೂ ದಶಕಗಳಿಂದ ನಿಂತಿದೆ, ಊರೂರಿನ ಗಿಟಾರ್ ಪೆಟ್ಟಿಗೆಗಳ ಮುಂದೆಯೂ ನಿಂತಿದೆ. ಅದರೊಳಗೆ ಏನಿದೆಯೆಂದು ಮಗಳಿಗೆ ವಿವರಿಸಲು ಹೊರಟರೆ ಅವಳೇ ತಡೆದಳು: "ಗೊತ್ತುಂಟಪ್ಪ, ಪಾಠದಲ್ಲಿ ಉಂಟು." ತೆಳುಪೊರೆ ಅದುರಿದಾಗ ಕಾಂತಕ್ಷೇತ್ರದಲ್ಲಿ ಸುರುಳಿ ಚಲಿಸುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಬಳಿಕ ಸ್ವಲ್ಪ ಹೊತ್ತು ಸ್ಪೀಕರನ್ನೂ ಮೈಕನ್ನೂ ನೋಡಿ, "ಹಾಗಾದರೆ ಎರಡೂ ಒಂದೇ ವಸ್ತು, ತಿರುಗುಮುರುಗು ಅಷ್ಟೆ ಅಲ್ಲವಾ?" ಎಂದಳು. ಹೌದು. ಮೂವತ್ತು ವರ್ಷ ಈ ಸಾಮಾನುಗಳ ನಡುವೆ ಬದುಕಿಯೂ ನನಗೆ ಹಾಗೆ ಹೊಳೆದಿರಲಿಲ್ಲ.

ಎರಡನೆಯದು ಮಂಗಳೂರಿನ ಒಂದು ಸ್ಟುಡಿಯೋದಿಂದ ಎರವಲು ತಂದ ರಿಬ್ಬನ್ ಮೈಕ್. ಇದರಲ್ಲಿ ಸುರುಳಿಯಿಲ್ಲ, ಕೆಲವೇ ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯೊಂದು ಕಾಂತಗಳ ನಡುವೆ ತೂಗುತ್ತದೆ. ಜೋರಾಗಿ ಊದಿದರೂ ಪಟ್ಟಿ ಹಾಳಾದೀತೆಂದು ಕೊಟ್ಟವರು ನಾಲ್ಕು ಸಲ ಎಚ್ಚರಿಸಿದ್ದರು. ಬಸ್ಸಿನಲ್ಲಿ ತಲಪಾಡಿ ದಾಟಿ ಬರುವಷ್ಟು ಹೊತ್ತೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಮೂರನೆಯದು ನಮ್ಮ ಮನೆಯ ಕಂಡೆನ್ಸರ್ ಮೈಕ್, ಮಗಳ ಕಂಠಪಾಠ ಮುದ್ರಿಸಲು ಕೊಂಡದ್ದು. ಅದು ಕೆಲಸ ಮಾಡಬೇಕಾದರೆ ತಂತಿಯ ಮೂಲಕ 48 ವೋಲ್ಟ್ ಕೊಡಬೇಕು. ಕೆಟ್ಟ ತಂತಿಯಿರುವಾಗ ಆ ವೋಲ್ಟು ರಿಬ್ಬನ್ನಿಗೆ ತಾಗಿದರೆ ಪಟ್ಟಿ ಹಾಳಾಗಬಹುದು. ಎರಡನ್ನೂ ಒಂದೇ ದಿನ ಬಳಸಕೂಡದೆಂದು ಮಗಳು ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ನಿಯಮ ಬರೆದಿಟ್ಟಳು.

ಒಂದೇ ಆಂಪ್ಲಿಫಯರು, ಒಂದೇ ಗುಂಡಿಯ ಅಂಕಿ, ಒಂದೇ ಸಂಕೇತ. ಮೂರು ಮೈಕ್‌ಗಳು ಮೂರು ಆಂಪ್ಲಿಫಯರುಗಳನ್ನು ಕಂಡವು. 57 ಮೊನಚಾದದ್ದನ್ನು ಮುಂದೆ ತಂದಿತು. ರಿಬ್ಬನ್ನಿನಲ್ಲಿ ಮೊನಚು ಮಾಯವಾಗಿ ಎದೆಯ ಸ್ವರ ತುಂಬಿಕೊಂಡಿತು. ಕಂಡೆನ್ಸರ್ ಎಲ್ಲವನ್ನೂ ಹೇಳಿತು, ಮೇಲಿನ ಫ್ಯಾನಿನ ಗೊರಗೊರವನ್ನೂ ಸೇರಿಸಿ. ಮಗಳ ಪುಸ್ತಕದಲ್ಲಿ ಇವುಗಳಿಗೆ ಇಂಗ್ಲಿಷ್ ವಿಶೇಷಣಗಳಿಲ್ಲ. 'ಒಗ್ಗರಣೆ ಹೆಚ್ಚಾಗಿದೆ', 'ಕಂಬಳಿ ಹೊದ್ದ ಹಾಗೆ', 'ಚಾಡಿ ಹೇಳುವ ಮೈಕು' ಎಂದು ಬರೆದಿದ್ದಾಳೆ. ಇವಕ್ಕಿಂತ ನಿಖರವಾದ ಮಾತು ನನಗೆ ಹೊಳೆಯಲಿಲ್ಲ, ತಿದ್ದಲೂ ಹೋಗಲಿಲ್ಲ.

ಮೈಕಿನ ಜಾತಿಗಿಂತಲೂ ಅದು ನಿಂತ ಜಾಗ ಹೆಚ್ಚು ಮಾತಾಡುತ್ತದೆ. ಹನ್ನೆರಡು ಇಂಚಿನ ಸ್ಪೀಕರಿನ ನಟ್ಟನಡುವಿನ ಗುಬುಟಿಗೆ ಎದುರಾಗಿ ನಿಂತರೆ ಸ್ವರ ಕೀರಲು. ಎರಡು ಬೆರಳು ಅಂಚಿನ ಕಡೆಗೆ ಸರಿದರೆ ಮೆದು. ಬಟ್ಟೆಗೆ ತಾಗುವಷ್ಟು ಹತ್ತಿರ ಹೋದರೆ ತಗ್ಗಿನ ಸ್ವರ ಉಬ್ಬುತ್ತದೆ. ಎರಡು ಮೈಕ್ ಕೂಡಿಸಿದರಂತೂ ಮಿಲಿಮೀಟರಿನ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ; ಕಂಪ್ಯೂಟರು ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಭಾಗಿಸಿದರೆ ಒಂದು ಅಳತೆಗೆ ಏಳು ಮಿಲಿಮೀಟರ್ ಚಿಲ್ಲರೆ. ರಿಬ್ಬನ್ನು 57ಕ್ಕಿಂತ ಎರಡು ಸೆಂಟಿಮೀಟರ್ ಹಿಂದುಳಿದ ಒಂದು ರಾತ್ರಿ, ಎರಡನ್ನೂ ಕೂಡಿಸಿದಾಗ ಸ್ವರ ದಪ್ಪವಾಗುವ ಬದಲು ಬತ್ತಿಹೋಯಿತು. ಇಬ್ಬರು ಪ್ರಾಮಾಣಿಕ ಸಾಕ್ಷಿಗಳು ಗಳಿಗೆಯ ವ್ಯತ್ಯಾಸದಿಂದ ಒಬ್ಬರ ಮಾತನ್ನೊಬ್ಬರು ಅಳಿಸಿಹಾಕಿದ್ದನ್ನು ನ್ಯಾಯಾಲಯದಲ್ಲಿ ಕಂಡಿದ್ದೇನೆ; ಇಲ್ಲಿ ಕಿವಿಯಿಂದಲೇ ಕೇಳಿದೆ.

ತಪ್ಪುಗಳನ್ನೂ ಹೇಳಬೇಕು. ಮೊದಲ ವಾರದ ಎಲ್ಲ ಪ್ರೊಫೈಲುಗಳನ್ನೂ ಬಿಸಾಡಿದೆವು. ಪೆಟ್ಟಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿರುವ ಒಂದು ತೊಟ್ಟಿ ಇದೆ. ಸ್ವರಕ್ಕೆ ಗುಹೆಯ ಅನುರಣನ ಕೊಡುವುದು ಅದೇ. ಆ ಗುಂಡಿಯನ್ನು ಸೊನ್ನೆಗೆ ತಿರುಗಿಸಲು ಮರೆತಿದ್ದೆ. ಈ ಮಾದರಿಗೆ ನೆನಪು ಬಹಳ ಗಿಡ್ಡ, ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲೂ ಇಲ್ಲ. ಅದಕ್ಕಿಂತ ಹಿಂದೆ ಹೊರಟು ಇನ್ನೂ ಮೊಳಗುತ್ತಿರುವ ಅನುರಣನ ಅದಕ್ಕೆ ಅರ್ಥವಾಗದು; ಏನೋ ಗೊಣಗಿ ಮುಗಿಸುತ್ತದೆ. ಎರಡನೆಯ ವಾರ ಮಳೆ. ಮೂರನೆಯ ವಾರ ವಿದ್ಯುತ್ತು ಏರಿಳಿದು ಒಂದು ಸಂಜೆ ಪೂರ್ತಿ ಹೋಯಿತು. ಪಕ್ಕದ ಮನೆಯ ನಿವೃತ್ತ ಮಾಸ್ತರರು ರಾತ್ರಿ ಹತ್ತೂವರೆಗೆ ಗೇಟಿನಲ್ಲಿ ನಿಂತು, "ವಕೀಲರೇ, ಸಂಗೀತವಾದರೆ ಸಹಿಸಬಹುದು" ಎಂದು ಇಷ್ಟೇ ಹೇಳಿ ಹೋದರು. ಮರುದಿನದಿಂದ ಎಂಟು ಗಂಟೆಗೆ ನಿಲ್ಲಿಸಿದೆವು.

ಇಷ್ಟಾದ ಮೇಲೆ ಜುಲೈ ಕೊನೆಗೆ ಒಳ್ಳೆಯ ಪ್ರೊಫೈಲುಗಳು ಬಂದವು. ಮೂಲಕ್ಕೂ ಮಾದರಿಗೂ ಇರುವ ವ್ಯತ್ಯಾಸವನ್ನು ತಂತ್ರಾಂಶವೇ ಒಂದು ಅಂಕಿಯಾಗಿ ಹೇಳುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 57ರದ್ದು 0.006. ಗೆಳೆಯನ ಮಗ ಕಣ್ಣುಮುಚ್ಚಿ ಕೇಳಿ, ಯಾವುದು ಪೆಟ್ಟಿಗೆ ಯಾವುದು ಕಂಪ್ಯೂಟರು ಎಂದು ಹೇಳಲು ಐದು ಸಲ ಯತ್ನಿಸಿ ಮೂರು ಸಲ ಸೋತ. ಗುಂಡಿಗಳನ್ನು ಎಲ್ಲಿಡಬೇಕೆಂಬ ಸಂಶಯವೂ ನಮಗಿರಲಿಲ್ಲ. ಗೆಳೆಯ ಪ್ರತಿ ಗುಂಡಿಯ ಪಕ್ಕದಲ್ಲೂ ಹೆಂಡತಿಯ ಕೆಂಪು ನೈಲ್ ಪಾಲಿಶ್‌ನಿಂದ ಒಂದೊಂದು ಚುಕ್ಕೆ ಇಟ್ಟಿದ್ದ: ವಾಲ್ಯೂಮ್ 5, ಮಾಸ್ಟರ್ 7. ಲಿಖಿತ ದಾಖಲೆ ಕಣ್ಣೆದುರು ಇರುವಾಗ ಬಾಯಿಮಾತಿನ ಸಾಕ್ಷ್ಯ ಏಕೆ?

ವೃತ್ತಿಯ ಚಪಲದಿಂದ ಇಲ್ಲೊಂದು ಮಾತು. ವಿದ್ಯುನ್ಮಾನ ದಾಖಲೆಗಳ ಬಗ್ಗೆ ನಾವು ವಕೀಲರು ದಿನವೂ ಉಲ್ಲೇಖಿಸುವ ತೀರ್ಪೊಂದು ನಮ್ಮ ಕೇರಳದಿಂದಲೇ ಹೋದದ್ದು, 2014ರ ಅನ್ವರ್ ವಿರುದ್ಧ ಬಷೀರ್ ಪ್ರಕರಣ. ಏರನಾಡು ಕ್ಷೇತ್ರದ ಚುನಾವಣೆಯ ತಕರಾರಿನಲ್ಲಿ ಪ್ರಚಾರದ ಹಾಡುಗಳನ್ನೂ ಭಾಷಣಗಳನ್ನೂ ಕಂಪ್ಯೂಟರಿಗೆ ಹಾಕಿ ಸಿ.ಡಿ. ಮಾಡಿ ಹಾಜರುಪಡಿಸಿದ್ದರು. ಕಾನೂನು ಹೇಳಿದ ಪ್ರಮಾಣಪತ್ರವಿಲ್ಲದೆ ಆ ಪ್ರತಿಗಳು ಸಾಕ್ಷ್ಯವಾಗವು, ಮುದ್ರಿಸಿದ ಮೂಲ ಸಾಧನಗಳನ್ನೇ ತಂದಿದ್ದರೆ ಮಾತು ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಷ್ ಸಂಖ್ಯೆಯನ್ನೂ, ಅಂದರೆ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಗುರುತನ್ನೂ, ಬರೆಯಬೇಕು. ನಾನು ಅಭ್ಯಾಸಬಲದಿಂದ ನಮ್ಮ ಪ್ರೊಫೈಲುಗಳ ಹ್ಯಾಷ್ ಸಂಖ್ಯೆಯನ್ನೂ ಪುಸ್ತಕದಲ್ಲಿ ಬರೆಸಿದೆ. ಮಗಳು ಅರವತ್ತನಾಲ್ಕು ಅಕ್ಷರಗಳನ್ನು ನಕಲು ಮಾಡುತ್ತ ಗೊಣಗಿದಳು.

ಗೆಳೆಯನ ಹೆಂಡತಿಯನ್ನು ಕರೆದು ಕೇಳಿಸಿದೆವು. ಮಗ ನುಡಿಸಿದ. ಹೆಡ್‌ಫೋನ್ ಕಿವಿಗಿಟ್ಟು ಅವರು ಬಹಳ ಹೊತ್ತು ಕುಳಿತರು. ಬಳಿಕ ಅಳೆದು ತೂಗಿ ಹೇಳಿದರು: "ಇದು ಅವರ ಪೆಟ್ಟಿಗೆಯದ್ದೇ ಹೌದು. ಆದರೆ ನನಗೆ ಹೀಗೆ ಕೇಳುತ್ತಿರಲಿಲ್ಲ ಅಣ್ಣ."

ರಿಬ್ಬನ್ನಿನದ್ದು ಕೇಳಿಸಿದೆವು, ಅಲ್ಲ. ಕಂಡೆನ್ಸರಿನದ್ದು, ಅದೂ ಅಲ್ಲ. ತಪ್ಪೆಲ್ಲಿದೆಯೆಂದು ನಾವು ಮೂವರೂ ಅಂಕಿಗಳನ್ನು ಹುಡುಕುತ್ತಿದ್ದಾಗ ಅವರೇ ಅಂದರು: "ನಾನು ಯಾವಾಗ ಎದುರು ಕುಳಿತು ಕೇಳಿದ್ದೇನೆ? ಸಂಜೆ ಅವರು ಚಾವಡಿಯಲ್ಲಿ ನುಡಿಸುವಾಗ ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ."

ನಮ್ಮ ಮೂರು ಮೈಕ್‌ಗಳೂ ಆರು ವಾರ ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿ ನಿಂತಿದ್ದವು. ಅಲ್ಲಿ ಯಾರೂ, ಯಾವತ್ತೂ, ಕಿವಿಯಿಟ್ಟು ಕೇಳಿದವರಿಲ್ಲ.

ಆ ಅಡುಗೆಮನೆ ಈಗಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾದಾಗ ಆ ಹಂಚಿನ ಮನೆ ಹೋಯಿತು. ಕಾಗದಪತ್ರ ನಾನೇ ನೋಡಿಕೊಂಡಿದ್ದೆ. ನಮ್ಮದು ಕಾಂಕ್ರೀಟು ಮನೆ, ಸ್ವರ ಗೋಡೆಗೆ ಬಡಿದು ಗಡಸಾಗುತ್ತದೆ. ಕೊನೆಗೆ ಬದಿಯಡ್ಕದ ಕಡೆ ನನ್ನ ತಾಯಿ ಇರುವ ಹಳೆಯ ಮನೆ ನೆನಪಾಯಿತು. ಅಲ್ಲೂ ಹಂಚಿನ ಮಾಡು, ಕೆಂಪು ಕಾವಿಯ ನೆಲ, ಚಾವಡಿಯಿಂದ ಅಡುಗೆಮನೆಗೆ ಒಂದು ತಿರುವು. ಮಳೆಯಿಲ್ಲದ ಒಂದು ಭಾನುವಾರ ಎಲ್ಲರೂ ಹೋದೆವು. ಆಂಪ್ಲಿಫಯರನ್ನು ಚಾವಡಿಯಲ್ಲಿಟ್ಟು ಕಂಡೆನ್ಸರ್ ಮೈಕನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದೆ. ತಾಯಿ ಒಲೆಯ ಮುಂದಿದ್ದರು. ಅವರು ಮೈಕಿನ ಪಕ್ಕದಲ್ಲಿ ಬಾಗಿಲ ದಾರಂದಕ್ಕೆ ಒರಗಿ ನಿಂತರು. ಸಂಕೇತ ಕಳುಹಿಸುವ ಮೊದಲು ಮಗ ಸುಮ್ಮನೆ ಏನನ್ನೋ ನುಡಿಸಿ ನೋಡಿದ.

"ಸಣ್ಣ ಮಾಡು" ಎಂದು ಅವರು ಒಳಗಿನಿಂದಲೇ ಕೂಗಿದರು. "ಇಷ್ಟು ದೊಡ್ಡದು ಇಡುತ್ತಿರಲಿಲ್ಲ ಅಪ್ಪ."

"ಅಪ್ಪನ ಚುಕ್ಕೆಯಲ್ಲೇ ಉಂಟಮ್ಮ" ಎಂದು ಮಗ.

"ಅದು ಸ್ಟೇಜಿನ ಚುಕ್ಕೆ. ಮನೆಯಲ್ಲಿ ಎಲ್ಲಿಡಬೇಕೆಂದು ಅವರಿಗೆ ಚುಕ್ಕೆ ಬೇಕಾ?"

ಮಾಸ್ಟರ್ ಗುಂಡಿಯನ್ನು ಮಗ ಮೆಲ್ಲಮೆಲ್ಲನೆ ಇಳಿಸುತ್ತ ಬಂದ. 3ರ ಹತ್ತಿರ "ಸಾಕು" ಎಂಬ ಮಾತು ಕೇಳಿತು. ಇದು ಬರೀ ಸದ್ದು ತಗ್ಗಿಸಿದ ಮಾತಲ್ಲ. ಮಾಸ್ಟರ್ ಇಳಿದರೆ ಕೊನೆಯ ಎರಡು ವಾಲ್ವ್‌ಗಳು ಅಂಚಿಗೆ ಹೋಗುವುದಿಲ್ಲ. ಸ್ವರದ ಗುಣವೇ ಬೇರೆ. ಪ್ರೊಫೈಲು ಹಿಡಿಯುವುದು ಗುಂಡಿಗಳ ಒಂದು ನಿಲುವನ್ನು ಮಾತ್ರ. ಆರು ವಾರ ನಾವು ಹಿಡಿದದ್ದು ಮದುವೆ ಮಂಟಪದ ಗೆಳೆಯನನ್ನು, ಚಾವಡಿಯವನನ್ನಲ್ಲ. ಮಗಳು ಪುಸ್ತಕದಲ್ಲಿ ಗೆರೆ ಎಳೆದು ಹೊಸ ಪುಟ ತೆಗೆದಳು.

ಅಂದು ಹಿಡಿದ ಪ್ರೊಫೈಲಿನ ಅಂಕಿ 0.09. ತಿಳಿದವರಿಗೆ ತೋರಿಸಿದರೆ ಅಳಿಸಿ ಮತ್ತೆ ಮಾಡಿ ಎಂದಾರು. ಚಾವಡಿಯ ಅನುರಣನವನ್ನು ಆ ಗಿಡ್ಡ ನೆನಪಿನ ಮಾದರಿ ಪೂರ್ತಿ ಕಲಿಯಲಾರದು. ಜೊತೆಗೆ ಹಿತ್ತಲ ಜೀರುಂಡೆ, ತಾಯಿ ಮುಚ್ಚಳ ಮುಚ್ಚಿದ ಸದ್ದು. ಮರುದಿನ ಹೆಡ್‌ಫೋನಿನಲ್ಲಿ ಕೇಳಿ ಗೆಳೆಯನ ಹೆಂಡತಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ನುಡಿಸಲು ಮಗನಿಗೆ ಕೈಸನ್ನೆ ಮಾಡಿದರು. ನಾನೂ ಮಗಳೂ ಕೆಳಗಿಳಿದು ಬಂದೆವು.

ಆಗಸ್ಟಿನಲ್ಲಿ ಕೊಚ್ಚಿಯವರು ಬಂದು ಪೆಟ್ಟಿಗೆ ಒಯ್ದರು. ಕೆಂಪು ಚುಕ್ಕೆಗಳನ್ನು ಅಳಿಸಿಕೊಡಬಹುದೇ ಎಂದು ಕೇಳಿದರು. ರಶೀದಿಯಲ್ಲಿ 'ಈಗಿರುವ ಸ್ಥಿತಿಯಲ್ಲಿ' ಎಂದು ಬರೆದಿದೆ ಎಂದೆ.

ಹುಡುಗ ಈಗ ಹಾಸ್ಟೆಲಿನಲ್ಲಿದ್ದಾನೆ. ಅವನು ಬಳಸುವುದು 57ರ ಪ್ರೊಫೈಲನ್ನು, ಮಾಸ್ಟರ್ 7ರದ್ದನ್ನು. ಹದಿನೆಂಟು ವರ್ಷದವನಿಗೆ ಅದೇ ಇಷ್ಟವಾದರೆ ಆಶ್ಚರ್ಯವಿಲ್ಲ. 'ಅಡುಗೆಮನೆ, ಮಾಸ್ಟರ್ 3' ಎಂದು ಮಗಳು ಹೆಸರಿಟ್ಟ ಕಡತವನ್ನು ತಾಯಿಯ ಫೋನಿಗೂ ಕಳುಹಿಸಿದ್ದಾನೆ. ಕಳೆದ ವಾರ ಅವರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಅದನ್ನು ತೆರೆದು ಕೇಳುವುದು ಹೇಗೆಂದು ವಿಚಾರಿಸಿದರು. ಅದರಲ್ಲಿ ಹಾಡಿಲ್ಲ, ಯಾರಾದರೂ ಗಿಟಾರ್ ಜೋಡಿಸಿ ನುಡಿಸಿದರೆ ಮಾತ್ರ ಸ್ವರ ಬರುತ್ತದೆ ಎಂದು ಹೇಳಬೇಕಾಯಿತು.

"ಹಾಗಾದರೆ ಅವನು ಬರಲಿ" ಎಂದರು. ಡಿಸೆಂಬರ್ ರಜೆಗೆ ಬರುವಾಗ ಗಿಟಾರನ್ನು ಹಾಸ್ಟೆಲಿನಲ್ಲಿ ಬಿಟ್ಟು ಬರಬೇಡವೆಂದು ಆ ಸಂಜೆಯೇ ಅವನಿಗೆ ಫೋನು ಮಾಡಿದರಂತೆ.